ಆ ವರ್ಷದ ಮೆಣಸು

ಮೊನ್ನೆ ಸಿದ್ದಾಪುರದಲ್ಲಿ ಒಂದು ಮದುವೆ. ಕೊನೆಯ ಪಂಕ್ತಿ ಎದ್ದ ಮೇಲೆ ಅಡುಗೆಯವರಾದ ನಾವು ಆರು ಜನ ಎಲೆ ಹಾಕಿಕೊಂಡು ಕೂತಿದ್ದೆವು. ಅಡುಗೆಮನೆಯಲ್ಲಿ ಬೆಳಗಿನ ಒಗ್ಗರಣೆಯ ಘಾಟು ಇನ್ನೂ ಪೂರ್ತಿ ಹೋಗಿರಲಿಲ್ಲ. ನನ್ನ ಪಕ್ಕದಲ್ಲಿ ಕೂತ ಗಣಪತಿ ಎರಡು ತುತ್ತು ಸಾರನ್ನ ಉಂಡವನು ಉಳಿದದ್ದನ್ನು ಎಲೆಯ ತುದಿಗೆ ಸರಿಸಿ ಮಜ್ಜಿಗೆಗೆ ಕೈಯೊಡ್ಡಿದ.

"ಮಂಜಣ್ಣಾ, ಈ ವರ್ಷದ ಮೆಣಸು ಭಾರೀ ಖಾರ ಇದ್ದು ಮಾರಾಯಾ. ಬಾಯಿ ಹೊತ್ತಿ ಉರೀತು."

ಉಳಿದವರು ನಕ್ಕರು. ಮೆಣಸು ಖಾರವಿಲ್ಲದೆ ಸಿಹಿ ಇರುತ್ತದೆಯೇ ಎಂದು ಒಬ್ಬ ಕಿಚಾಯಿಸಿದ. ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ತುತ್ತು ಎಲೆಗೇ ಇಳಿಯಿತು. ಹನ್ನೆರಡು ವರ್ಷದ ಹಿಂದೆ, ತೊಂಬತ್ತೇಳರ ಬೇಸಿಗೆಯಲ್ಲಿ, ಇದೇ ಮಾತನ್ನು ಇನ್ನೊಬ್ಬನ ಬಾಯಲ್ಲಿ ಕೇಳಿ ನಾನೂ ಹೀಗೇ ನಕ್ಕಿದ್ದೆ.

ಅವನು ಸುಬ್ರಾಯಣ್ಣ. ಸೋಂದಾ ಕಡೆಯವನು, ನಮ್ಮ ತಂಡದ ಮುಖ್ಯ ಅಡುಗೆಯವ. ಆಗ ಅವನಿಗೆ ಐವತ್ತೆರಡು, ಬಿಳಗಿಯವನಾದ ನನಗೆ ಮೂವತ್ತಾರು. ಅಷ್ಟೊತ್ತಿಗೆ ಅವನ ಜೊತೆ ಹತ್ತು ವರ್ಷ ಒಲೆಯ ಮುಂದೆ ಬೆವರು ಸುರಿಸಿದ್ದೆ. ಶಿವರಾತ್ರಿ ಕಳೆಯಿತೆಂದರೆ ಮುಂಗಾರು ಹಿಡಿಯುವ ತನಕ ನಮ್ಮನ್ನು ನಮ್ಮ ಮನೆಯಲ್ಲಿ ಕಂಡವರಿಲ್ಲ. ಇವತ್ತು ವಜ್ರಳ್ಳಿಯಲ್ಲಿ ಮದುವೆ, ನಾಡಿದ್ದು ಶಿರಸಿಯಲ್ಲಿ ಉಪನಯನ, ಅದರ ಮರುದಿನ ಇನ್ನೆಲ್ಲೋ ಗೃಹಪ್ರವೇಶ. ಸೌಟು, ಜಾಲರಿ, ಈಳಿಗೆಮಣೆಗಳನ್ನು ಗೋಣಿಚೀಲಕ್ಕೆ ತುಂಬಿ ಬಸ್ಸಿನ ಮೇಲೆ ಹಾಕಿ ಊರಿಂದೂರಿಗೆ ಹೋಗುವುದೇ ಜೀವನ. ಸುಬ್ರಾಯಣ್ಣ ಬರುತ್ತಾನೆಂದರೆ ಮದುವೆ ಮನೆಯವರು ಊಟದ ಚಿಂತೆ ಬಿಟ್ಟು ಉಳಿದ ಚಿಂತೆ ಮಾಡಬಹುದಿತ್ತು.

ಒಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಅಡುಗೆ ಮಾಡುವವನು ರುಚಿ ನೋಡುವ ಹಾಗಿಲ್ಲ. ದೇವರಿಗೆ ನೈವೇದ್ಯ ಆಗುವ ಮೊದಲು ನಾಲಿಗೆಗೆ ಹಚ್ಚಿದರೆ ಅದು ಎಂಜಲು. ಐನೂರು ಜನರ ಸಾರಿಗೆ ಉಪ್ಪು, ಹುಳಿ, ಖಾರ ಎಲ್ಲ ಕೈ ಅಂದಾಜು, ಕಣ್ಣಂದಾಜು, ಮೂಗಿನ ಅಂದಾಜು. ಸುಬ್ರಾಯಣ್ಣನ ಮೂಗಂತೂ ಮೂಗೇ! ಕೊಪ್ಪರಿಗೆಯಿಂದ ನಾಲ್ಕು ಮಾರು ದೂರದಲ್ಲಿ ತೆಂಗಿನಕಾಯಿ ಒಡೆಯುತ್ತಾ ಕೂತವನು ತಲೆ ಎತ್ತದೆ "ಉಪ್ಪು ಸಾಲ ಮಂಜಾ, ಇನ್ನೊಂದು ಮುಷ್ಟಿ ಹಾಕು" ಎನ್ನುತ್ತಿದ್ದ. ಹಾಕಿದರೆ ಸರಿ ಇರುತ್ತಿತ್ತು. ಎಲ್ಲರ ಊಟ ಮುಗಿದು ಮೂರು ಗಂಟೆಯ ಹೊತ್ತಿಗೆ ನಾವು ಎಲೆ ಹಾಕಿಕೊಂಡಾಗಲೇ ಅವನಿಗೆ ತನ್ನ ಅಡುಗೆಯ ರುಚಿ ಗೊತ್ತಾಗುವುದು. ನಾಳೆ ಯಾವುದು ಹೆಚ್ಚು, ಯಾವುದು ಕಮ್ಮಿ ಎಂಬುದೆಲ್ಲ ಆ ಎಲೆಯ ಮೇಲೆ ತೀರ್ಮಾನವಾಗುತ್ತಿತ್ತು.

ನೈವೇದ್ಯ ತೆಗೆದಿಡುವವರೆಗೆ ಬಾಯಿ ಶುದ್ಧ. ತೆಗೆದಿಟ್ಟಿತು ಎಂದರೆ ಕವಳ ಶುರು. ಬೆಳಗಿನ ಜಾವ ಕುಡಿದ ಚಹ ಎಲ್ಲಿಗೋ ಹೋಗಿರುತ್ತದೆ, ಊಟ ಇನ್ನೂ ದೂರ, ಎದುರಿಗೆ ಬೆಂಕಿ. ಹಸಿವನ್ನು ತಡೆಯುವುದೇ ಎಲೆ, ಸುಣ್ಣ, ಅಡಿಕೆ, ತಂಬಾಕು. ಮದುವೆ ಮನೆಯವರು ಬೀಗರಿಗಿಂತ ಮೊದಲು ನಮಗೆ ಕವಳದ ತಟ್ಟೆ ತುಂಬಿಸಿ ಕಳಿಸುತ್ತಿದ್ದರು. ತಟ್ಟೆ ಖಾಲಿಯಾದರೆ ಅಡುಗೆಯವರ ಮುಖ ದಪ್ಪಗಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಸುಬ್ರಾಯಣ್ಣ ಕವಳವನ್ನು ಎಡಗೆನ್ನೆಯಲ್ಲಿಟ್ಟರೆ ಅದು ಅಲ್ಲೇ ಸಂಸಾರ ಹೂಡಿತು. ಬಸ್ಸಿನಲ್ಲೂ ಅಲ್ಲೇ, ಮಲಗಿದಾಗಲೂ ಅಲ್ಲೇ. ನನ್ನದೂ ಕಮ್ಮಿಯೇನಿರಲಿಲ್ಲ. ನನ್ನದು ಬಲಗೆನ್ನೆ, ಅಷ್ಟೇ ವ್ಯತ್ಯಾಸ.

ಆ ಸೀಸನ್ನಿನ ಮೊದಲ ಮದುವೆ ವಜ್ರಳ್ಳಿಯಲ್ಲಿ. ಊಟಕ್ಕೆ ಕೂತ ಸುಬ್ರಾಯಣ್ಣ ಸಾರು ಕಲಸಿದ ಮೊದಲ ತುತ್ತಿಗೇ ಹಾ ಹಾ ಎಂದು ಬಾಯಿಗೆ ಗಾಳಿ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು.

"ಎಂತಾ ಮೆಣಸನಾ ಇದು! ಬ್ಯಾಡಗಿ ಹೇಳಿ ಗುಂಟೂರು ಕಟ್ಟಿ ಕೊಟ್ಟಿದ್ದ ನೋಡು ಅಂಗಡಿಯವ. ನಾಡಿದ್ದು ಅರ್ಧ ಹಾಕು ಸಾಕು."

"ನಿನ್ನ ನಾಲಿಗೆಗೆ ವಯಸ್ಸಾತು ಸುಬ್ರಾಯಣ್ಣಾ" ಎಂದು ನಾನು ನಕ್ಕೆ.

"ನಿನ್ನ ತಲೆಗೂ ಆಗ್ತು ಬಿಡು" ಎಂದ.

ನನಗೆ ಸಾರು ಎಂದಿನಂತೆಯೇ ಇತ್ತು. ಆದರೆ ಅವನ ಎದುರು ನನ್ನ ನಾಲಿಗೆಯ ಮಾತು ನಡೆಯುತ್ತದೆಯೇ? ಮುಂದಿನ ಮದುವೆಗೆ ಮೆಣಸು ಅರ್ಧವಾಯಿತು. ಮೊದಲ ಪಂಕ್ತಿಯಲ್ಲಿ ಕೂತ ಹಿರಿಯರೊಬ್ಬರು ಸಾರು ಬಡಿಸಿದವನನ್ನು ನಿಲ್ಲಿಸಿ ಎಲ್ಲರಿಗೂ ಕೇಳುವ ಹಾಗೆ, "ಇದು ಸಾರನಾ, ಕೈ ತೊಳೆಯ ನೀರನಾ? ಸುಬ್ರಾಯ ಬರ್ಲ್ಯ ಈ ಸಲ?" ಎಂದರು. ಪಂಕ್ತಿಯೆಲ್ಲ ಗೊಳ್ಳೆಂದಿತು. ಒಳಗೆ ಸೌಟು ಹಿಡಿದು ನಿಂತ ನನ್ನ ಮುಖಕ್ಕೆ ಬಿಸಿ ಏರಿತು. ಸುಬ್ರಾಯಣ್ಣ ಹೊರಗೆ ಜಿಲೇಬಿಯ ಎಣ್ಣೆ ನೋಡುತ್ತಿದ್ದ. ಅವನಿಗೆ ಕೇಳಿಸಲಿಲ್ಲ ಎಂದೇ ನಾನು ತಿಳಿದುಕೊಂಡೆ.

ಆವತ್ತು ನನಗೊಂದು ಬುದ್ಧಿ ಹೊಳೆಯಿತು. ಕೆಟ್ಟ ಬುದ್ಧಿ ಎಂದು ಈಗ ಹೇಳುತ್ತೇನೆ, ಆಗ ಅದು ಪುಣ್ಯದ ಕೆಲಸವೆಂದೇ ಅನಿಸಿತ್ತು. ಅವನು ಅಳೆದು ಹಾಕುವಷ್ಟು ಹಾಕಲಿ. ಅವನು ನೈವೇದ್ಯದ ಪಾತ್ರೆ ತೊಳೆಯಲು ಬಾವಿಕಟ್ಟೆಗೆ ಹೋದಾಗ, ಪಲ್ಯದ ಒಗ್ಗರಣೆಯ ಜೊತೆಗೇ ಇನ್ನೊಂದು ಸೌಟಿನಲ್ಲಿ ಎಣ್ಣೆ ಕಾಯಿಸಿ, ಹಿಡಿ ಮೆಣಸು ಹುರಿದು ಸಾರಿನ ಕೊಪ್ಪರಿಗೆಗೆ ಸುರಿದುಬಿಡುವುದು. ಎರಡು ಒಗ್ಗರಣೆ ಒಟ್ಟಿಗೆ ಬಿದ್ದರೆ ಯಾವ ಘಾಟು ಯಾವುದರದ್ದೆಂದು ಯಾರಿಗೆ ಗೊತ್ತಾಗುತ್ತದೆ?

ಮೊದಲ ಸಲ ಹಾಗೆ ಮಾಡಿದ ದಿನ ಅವನು ಪಾತ್ರೆ ಹಿಡಿದು ಬಂದವನು ಬಾಗಿಲಲ್ಲೇ ನಿಂತ. "ಎಂತದೋ ಘಾಟು?" ಎಂದ.

"ಪಲ್ಯದ ಒಗ್ಗರಣೆ, ಸುಬ್ರಾಯಣ್ಣಾ."

ಒಂದು ಗಳಿಗೆ ನನ್ನನ್ನೇ ನೋಡಿದ. "ಹೂಂ" ಎಂದು ಒಳಗೆ ಬಂದ. ಆವತ್ತು ಪಂಕ್ತಿಯಲ್ಲಿ ಸಾರನ್ನು ಮೂರು ಮೂರು ಸಲ ಹಾಕಿಸಿಕೊಂಡರು. ಬಡಿಸುವವರು ಒಳಗೆ ಬಂದು ಹೊಗಳಿದ್ದೇ ಹೊಗಳಿದ್ದು. ನಾನು ಒಳಗೊಳಗೇ ಹಿಗ್ಗಿದೆ. ಸುಬ್ರಾಯಣ್ಣನ ಹೆಸರು ಉಳಿಸಿದೆನಲ್ಲ! ಅವನು ಮಾತ್ರ ಊಟಕ್ಕೆ ಕೂತಾಗ ಸಾರು ಮುಟ್ಟಿ, ಮುಖ ಸಿಂಡರಿಸಿ, ಮೊಸರನ್ನ ಕಲಸಿಕೊಂಡ. "ಮೆಣಸು ಸರಿ ಇಲ್ಲೆ, ಬೇರೆ ಅಂಗಡಿಯಿಂದ ತರವು" ಎಂದ. ಶಿರಸಿ ಪೇಟೆಯಲ್ಲಿ ಆ ಬೇಸಿಗೆ ನಾವು ಮೂರು ಅಂಗಡಿ ಬದಲಿಸಿದೆವು. ಪಾಪ, ಮೂವರು ಅಂಗಡಿಯವರೂ ತಮ್ಮ ಮೆಣಸಿನ ಮೇಲೆ ಆಣೆ ಇಟ್ಟು ಹೇಳಿದರು.

ಹೀಗೆ ಅವನು ಕಮ್ಮಿ ಮಾಡುತ್ತಾ ಹೋದ, ನಾನು ಕದ್ದು ಸೇರಿಸುತ್ತಾ ಹೋದೆ. ಊಟಕ್ಕೆ ಬಂದವರಿಗೆ ಏನೂ ಗೊತ್ತಾಗಲಿಲ್ಲ.

ಯುಗಾದಿ ಕಳೆಯಿತು. ಸುಬ್ರಾಯಣ್ಣನ ಮೈ ಇಳಿಯತೊಡಗಿತು. ಸೆಖೆಗೆ ಎಲ್ಲರೂ ಇಳಿಯುತ್ತಾರೆ ಎಂದುಕೊಂಡೆವು. ಒಮ್ಮೆ ಬೀಗರ ಕಡೆಯವರು ಸಂತೋಷಕ್ಕೆ ಅವನ ಬಾಯಿಗೆ ಲಾಡು ಇಡಲು ಬಂದರೆ ಬಾಯಿ ಅಷ್ಟು ದೊಡ್ಡದಾಗಿ ತೆರೆಯಲಿಲ್ಲ. ಅವನೇ ಲಾಡನ್ನು ಪುಡಿ ಮಾಡಿ ಚೂರು ಚೂರು ಹಾಕಿಕೊಂಡು, "ಅಡುಗೆಯವಂಗೆ ದೊಡ್ಡ ಬಾಯಿ ಇಪ್ಪಲಾಗ" ಎಂದು ನಗಿಸಿದ. ನಾವು ನಕ್ಕೆವು. ಛೇ, ನಾವು ಆ ಬೇಸಿಗೆ ಎಷ್ಟು ನಕ್ಕೆವೋ!

ಎಡಗೆನ್ನೆಯ ಒಳಗೆ ಬೆಳ್ಳಗೊಂದು ಗಾಯ ಇದೆ ಎಂದು ತಿಳಿದದ್ದು ಅವನು ಕವಳ ಉಗಿದು ಬಾಯಿ ಮುಕ್ಕಳಿಸುವಾಗ. ಕೇಳಿದೆ. "ಸುಣ್ಣಕ್ಕೆ ಸುಟ್ಟಿದ್ದು. ಎಂಟು ದಿನಕ್ಕೆ ಹೋಗ್ತು" ಎಂದ. ನಂಬಿದೆ. ನಮ್ಮಲ್ಲಿ ಸುಣ್ಣಕ್ಕೆ ಬಾಯಿ ಸುಡದವರು ಯಾರಿದ್ದಾರೆ? ತುಪ್ಪ ಹಚ್ಚು ಎಂದೆ. ಕಲ್ಲುಸುಣ್ಣ ಬಿಟ್ಟು ಚಿಪ್ಪಿಸುಣ್ಣ ಹಾಕು, ಅದು ಮೆತ್ತಗೆ ಎಂದು ನಾನೇ ಒಂದು ಡಬ್ಬಿ ತಂದುಕೊಟ್ಟೆ. ಕವಳ ಬಿಡು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಯಾವ ಬಾಯಲ್ಲಿ ಹೇಳುತ್ತಿದ್ದೆ? ನನ್ನ ಬಾಯಲ್ಲೂ ಅದೇ ಇತ್ತು.

ಸೋಂದಾದಲ್ಲಿ ಉಪನಯನದ ಅಡುಗೆಗೆ ಹೋದಾಗ ಅವನ ಮನೆಗೆ ಹೊಕ್ಕು ಬಂದೆ. ಅವನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವುದು, ನನ್ನನ್ನು ಹಿತ್ತಿಲಿಗೆ ಕರೆದಳು.

"ಮನೆಗೆ ಬಂದಾಗೆಲ್ಲ ಗಂಜಿಯೇ ಉಣ್ತ್ರು ಮಂಜಾ. ಉಪ್ಪಿನಕಾಯಿ ವಾಸನೆ ತೋರಿಸಿದ್ರೂ ಬೇಡ ಹೇಳ್ತ್ರು. ನೀನಾದ್ರೂ ಕೇಳೋ."

ಕೇಳಿದೆ. "ಸೀಸನ್ ಮುಗೀಲಿ, ನೋಡನ" ಎಂದ. ಮತ್ತೆ ಕೇಳಲಿಲ್ಲ. ಕೇಳಿದರೆ ನನ್ನ ಕಳ್ಳ ಒಗ್ಗರಣೆಯ ವಿಷಯ ಹೇಳಬೇಕಾಗುತ್ತಿತ್ತು. ಅವನು ಉರಿಯಿಂದ ಒದ್ದಾಡುವುದು ನಾನು ಹಾಕಿದ ಮೆಣಸಿನಿಂದಲೇ ಎಂದು ನನಗೆ ಅನುಮಾನ. ಅವನ ಎದುರು ಕಳ್ಳನಾಗಲು ಮನಸ್ಸಾಗಲಿಲ್ಲ. ಇಷ್ಟೇ ನನ್ನ ಧೈರ್ಯ.

ಸೀಸನ್ನಿನ ಕೊನೆಯ ಮದುವೆ ಯಲ್ಲಾಪುರ ಪೇಟೆಯಲ್ಲಿ. ಮೋಡ ಕಟ್ಟಿ ಮಂಟಪದ ಒಳಗೆ ಹಬೆಯಾಡುತ್ತಿತ್ತು. ಊಟ ಮುಗಿಸಿದ ಒಬ್ಬ ಹೆಂಗಸು, ಮೂವತ್ತರ ಆಸುಪಾಸು, ಹಿಂದಿನ ಬಾಗಿಲಿಂದ ಅಡುಗೆಮನೆಗೆ ಬಂದಳು. ಹಾವೇರಿ ಕಡೆಯವಳು, ಶಿರಸಿಯಲ್ಲಿ ಹಲ್ಲಿನ ದವಾಖಾನೆ ಇಟ್ಟವಳು. "ಈ ಮಾವಿನಕಾಯಿ ಅಪ್ಪೆಹುಳಿ ಮಾಡಿದವ್ರು ಯಾರ್ರಿ? ಹೆಂಗ ಮಾಡೋದು ಹೇಳಿಕೊಡ್ರಿ" ಎಂದು ನಗುತ್ತಾ ಕೇಳಿದಳು. ನಾವು ಸುಬ್ರಾಯಣ್ಣನನ್ನು ತೋರಿಸಿದೆವು. ಅವನು ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ, ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ಚಹದ ಚಮಚದಲ್ಲಿ ಒಳಗೆ ಸುರಿದುಕೊಳ್ಳುತ್ತಿದ್ದ. ಡಾಕ್ಟರಮ್ಮನ ನಗು ನಿಂತಿತು.

"ಭಟ್ರ, ಬಾಯಿ ತೆಗೀರಿ ನೋಡೋಣು."

"ಎಂತಕ್ಕೆ?"

"ತೆಗೀರಿ. ನಿಮ್ಮವೇ ಮೂರು ಬೆರಳು ಒಂದರ ಮ್ಯಾಲೊಂದು ಇಟ್ಟು ಬಾಯಾಗ ಹಾಕ್ರಿ."

ಒಂದು ಬೆರಳು ಹೋಯಿತು. ಎರಡನೆಯದು ಹಲ್ಲಿಗೆ ತಾಗಿ ನಿಂತಿತು. ನಾವೆಲ್ಲ ಅಲ್ಲೇ ನಿಂತು ಸುಮ್ಮನೆ ನಮ್ಮ ನಮ್ಮ ಬಾಯಿಗೆ ಬೆರಳು ಹಾಕಿ ನೋಡಿಕೊಂಡೆವು. ಅವಳು ಕಿಟಕಿಯ ಬೆಳಕಿಗೆ ಅವನ ಮುಖ ತಿರುಗಿಸಿ ಒಳಗೆ ನೋಡಿದಳು, ದವಡೆಯ ಕೆಳಗೆ ಕತ್ತಿನಲ್ಲಿ ಒತ್ತಿ ಒತ್ತಿ ನೋಡಿದಳು. ಒಂದು ಕಡೆ ಅವಳ ಬೆರಳು ನಿಂತುಬಿಟ್ಟಿತು.

"ಎಷ್ಟು ದಿವಸ ಆತ್ರಿ ಈ ಹುಣ್ಣು?"

"ಸುಣ್ಣಕ್ಕೆ ಸುಟ್ಟಿದ್ದು."

"ಸುಣ್ಣದ ಗಾಯ ಹದಿನೈದು ದಿವಸದಾಗ ಮಾಯಬೇಕ್ರಿ. ಮಾಯಲಿಲ್ಲ ಅಂದ್ರ ಅದು ಸುಣ್ಣದ್ದಲ್ಲ. ಖಾರ ತಡಿಯೂದಿಲ್ಲ, ಹೌದಲ್ರಿ? ಕವಳ ಇದ ಕಡೆ ಇಡ್ತೀರಿ?"

ಸುಬ್ರಾಯಣ್ಣ ಹೌದೆಂದು ತಲೆಯಾಡಿಸಿದ. ಅಷ್ಟರಲ್ಲಿ ಮದುವೆ ಮನೆಯ ಯಜಮಾನರು ಬಂದಿದ್ದರು. ಅವರಿಗೆ ಕಸಿವಿಸಿ. "ತಂಬಾಕು ಕೆಟ್ಟದ್ದು ಹೌದು ಡಾಕ್ಟ್ರೇ, ಒಪ್ತೆ. ಅಡಿಕೆ ಎಂತ ಮಾಡ್ತು? ನಮ್ಮ ಅಜ್ಜಂದಿರೆಲ್ಲ ತಿಂದ್ಕಂಡೇ ಬದುಕಿದ್ದ" ಎಂದರು.

"ಅಡಿಕಿನೂ ಮಾಡ್ತದರಿ. ಬಾಯಿ ಬಿಗಿಯೂದು ಅದರಿಂದನ. ತಂಬಾಕು ಸೇರಿದ್ರ ಇನ್ನೂ ಜಾಸ್ತಿ" ಎಂದಳು ಅವಳು, ಸಿಟ್ಟಿಲ್ಲದೆ.

ಆ ಮಂಟಪದ ಹೂವು, ಹೋಳಿಗೆ, ಹುಡುಗಿಯ ಮೈಮೇಲಿನ ಬಂಗಾರ ಎಲ್ಲ ಬಂದದ್ದು ಅಡಿಕೆ ಬೆಳೆಯಿಂದ. ನಮ್ಮ ಕೂಲಿಯೂ ಅದರಿಂದಲೇ. ಅನ್ನ ಕೊಟ್ಟಿದ್ದನ್ನು ಬೈಯುವುದು ಹೇಗೆ ಎಂದು ಯಾರಿಗೂ ತಿಳಿಯಲಿಲ್ಲ. ಡಾಕ್ಟರಮ್ಮ ಅಪ್ಪೆಹುಳಿಯ ವಿಷಯ ಮರೆತು, ಒಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟಳು. "ನಾಳೆನ ಹುಬ್ಬಳ್ಳಿಗೆ ಕರ್ಕೊಂಡು ಹೋಗ್ರಿ. ನಾಡಿದ್ದು ಅನ್ನಬ್ಯಾಡ್ರಿ" ಎಂದಳು.

ಹುಬ್ಬಳ್ಳಿಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದರು. ಕೆನ್ನೆಯಿಂದ ದವಡೆಗೆ ಇಳಿದು ಕತ್ತಿನ ಗಂಟಿಗೂ ಹೋಗಿತ್ತು. ಅಲ್ಲಿಯ ದೊಡ್ಡ ಡಾಕ್ಟರು ಅತ್ತಿಗೆಯ ಎದುರು ಹೇಳದೆ ನನ್ನನ್ನು ಹೊರಗೆ ಕರೆದು, "ಮೂರು ತಿಂಗಳು ಮೊದಲು ಬಂದಿದ್ದರೆ ದವಡೆ ಉಳಿಯುತ್ತಿತ್ತೋ ಏನೋ" ಎಂದರು. ಮೂರು ತಿಂಗಳು! ವಜ್ರಳ್ಳಿಯ ಮದುವೆಯಿಂದ ಯಲ್ಲಾಪುರದ ಮದುವೆಯವರೆಗೆ ಎಣಿಸಿದೆ. ಸರಿಯಾಗಿ ಅಷ್ಟೇ ಆಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಸಾರು ಸಪ್ಪೆಯಾಗಿಯೇ ಇದ್ದಿದ್ದರೆ ನಾಲ್ಕು ಜನ ಕೇಳುತ್ತಿದ್ದರು. ಸುಬ್ರಾಯನ ಬಾಯಿಗೆ ಏನಾಯಿತು ಎಂಬ ಮಾತು ಹುಟ್ಟುತ್ತಿತ್ತು. ಆ ಮಾತು ಹುಟ್ಟದ ಹಾಗೆ ನೋಡಿಕೊಂಡವನು ನಾನು.

ಆಪರೇಶನ್ನಿನಲ್ಲಿ ಎಡ ದವಡೆಯ ಅರ್ಧ ಹೋಯಿತು. ಎದೆಯ ಮಾಂಸ ತೆಗೆದು ಕೆನ್ನೆಗೆ ಹೊಲಿದರು. ಊಟ ಮೂಗಿನ ನಳಿಗೆಯಲ್ಲಿ. ಮಾತಿಲ್ಲ. ಅತ್ತಿಗೆ ಮಗಳ ಹಳೆಯ ಸ್ಲೇಟು ತಂದಿಟ್ಟಿದ್ದಳು, ಬೇಕಾದದ್ದನ್ನು ಬಳಪದಲ್ಲಿ ಬರೆಯುತ್ತಿದ್ದ. ಹತ್ತನೆಯ ದಿನವೋ ಏನೋ, ಅತ್ತಿಗೆ ಔಷಧಿ ತರಲು ಕೆಳಗೆ ಹೋಗಿದ್ದಳು. ಹೊರಗೆ ಮಳೆಗಾಲದ ಮಂಕು ಬೆಳಕು. ನಾನು ತಡೆಯಲಾಗದೆ ಎಲ್ಲ ಹೇಳಿದೆ. ಹಿಡಿ ಮೆಣಸು, ಎರಡನೆಯ ಸೌಟು, ಸುಳ್ಳು ಒಗ್ಗರಣೆ, ಒಂದೂ ಬಿಡಲಿಲ್ಲ. "ನಿಂಗೆ ಗೊತ್ತಾಗದಂಗೆ ಆನು ಮಾಡಿದಿ ಸುಬ್ರಾಯಣ್ಣಾ, ತಪ್ಪಾತು" ಎಂದೆ.

ಅವನು ಸ್ಲೇಟು ತೆಗೆದುಕೊಂಡ. ನಿಧಾನ ಬರೆದು ನನ್ನ ಕಡೆ ತಿರುಗಿಸಿದ.

"ಮೊದಲ ದಿನವೇ ಗೊತ್ತಾಯ್ದು. ನನ್ನ ಮೂಗಿಗೆ ಎಂತ ಆಗಿತ್ತು?"

ನಾನು ಬಾಯಿ ಬಿಟ್ಟು ನೋಡಿದೆ. ಅವನು ಹೊದಿಕೆಯ ತುದಿಯಿಂದ ಒರೆಸಿ ಮತ್ತೆ ಬರೆದ. "ಎಲ್ಲರೂ ಹೊಗಳಿದ ಸಾರು ಯಂಗೊಬ್ಬಂಗೇ ಸುಟ್ಟತು. ಮೆಣಸಿಂದಲ್ಲ, ಬಾಯಿದೇ ಹೇಳಿ ಗೊತ್ತಿತ್ತು."

ನನಗೆ ರೋಷವೇ ಬಂತು. ಆ ಸ್ಥಿತಿಯಲ್ಲಿ ಮಲಗಿದವನ ಮೇಲೆ ರೋಷ! "ಮತ್ತೆ ಎಂತಕ್ಕೆ ಹೇಳಿದ್ದಿಲ್ಲೆ? ಮೂರು ಅಂಗಡಿ ಎಂತಕ್ಕೆ ತಿರುಗ್ಸಿದೆ?" ಎಂದು ಕೂಗಿದೆ. ನರ್ಸು ಇಣುಕಿ ನೋಡಿ ಹೋದಳು.

ಈ ಸಲ ಬಹಳ ಹೊತ್ತು ತೆಗೆದುಕೊಂಡ. ಸ್ಲೇಟಿನ ಮೇಲೆ ಇದ್ದದ್ದು ಎರಡೇ ಶಬ್ದ.

"ಹೆದರಿಕೆ ಆತು."

ಅವನ ಕೈ ಹಿಡಿದುಕೊಂಡು ಕೂತೆ. ಅತ್ತಿಗೆ ಬರುವ ಸದ್ದಾದಾಗ ಅವನೇ ಸ್ಲೇಟನ್ನು ಒರೆಸಿದ.

ಮುಂದೆ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು, ತಿಂಗಳುಗಟ್ಟಲೆ ಓಡಾಟವಾಯಿತು. ಬದುಕಿದ. ಆರು ವರ್ಷ ಚೆನ್ನಾಗಿಯೇ ಬದುಕಿದ, ಕೊನೆಗೆ ಹೋದದ್ದು ಎದೆನೋವಿನಿಂದ. ಮರುವರ್ಷದ ಸೀಸನ್ನಿಗೆ ಮುಖದ ಅರ್ಧಕ್ಕೆ ಶಾಲು ಸುತ್ತಿಕೊಂಡು ಬಂದು ಒಲೆಯ ಹತ್ತಿರ ಮಣೆ ಹಾಕಿ ಕೂತ. ಅವನ ತೊದಲು ಮಾತು ನನಗೊಬ್ಬನಿಗೆ ತಿಳಿಯುತ್ತಿತ್ತು. "ಉಪ್ಪು ಸಾಲ" ಎಂದರೆ ಹಾಕುತ್ತಿದ್ದೆ. ಕೊನೆಯ ಪಂಕ್ತಿಯಲ್ಲಿ ನಮ್ಮ ಜೊತೆ ಎಲೆ ಹಾಕಿಸಿಕೊಂಡು ಕೂರುತ್ತಿದ್ದ. ಬಟ್ಟಲಲ್ಲಿ ಸಾರು ತರಿಸಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು, ಬಟ್ಟಲನ್ನು ನನ್ನ ಕಡೆ ಸರಿಸಿ, ತನ್ನ ಗಂಜಿ ಕುಡಿಯುತ್ತಿದ್ದ.

ನಾನು ಆ ಕ್ಷಣವೇ ಕವಳ ಬಿಟ್ಟೆ ಎಂದರೆ ಸುಳ್ಳು. ಎರಡು ವರ್ಷ ಬಿಟ್ಟು ಬಿಟ್ಟು ಹಿಡಿದೆ. ಬಾಯಲ್ಲಿ ಲವಂಗ ಇಟ್ಟುಕೊಂಡು ತಿರುಗಿದೆ, ಹೆಂಡತಿಯ ಮೇಲೆ ವಿನಾಕಾರಣ ರೇಗಿದೆ. ಕಡೆಗೂ ಬಿಟ್ಟೆ. ತಂಡದವರನ್ನು ಬಿಡಿಸಲು ನನ್ನಿಂದ ಆಗಲಿಲ್ಲ. ಹೇಳಿದರೆ "ಆತು ಆತು" ಎನ್ನುತ್ತಾರೆ, ಗೋಡೆಯಾಚೆ ಹೋಗಿ ಹಾಕಿಕೊಂಡು ಬರುತ್ತಾರೆ.

ಮೊನ್ನೆ ಸಿದ್ದಾಪುರದಲ್ಲಿ ಎಲೆ ಎತ್ತಿ ಕೈ ತೊಳೆದ ಮೇಲೆ ಗಣಪತಿಯನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿದೆ. ಅವನಿಗೆ ನಲವತ್ತೊಂದು, ಮೂರು ವರ್ಷದಿಂದ ಜೊತೆಗಿದ್ದಾನೆ, ಸುಬ್ರಾಯಣ್ಣನನ್ನು ಕಂಡವನಲ್ಲ.

"ಮೂರು ಬೆರಳು ಬಾಯಿಗೆ ಹಾಕು."

"ಎಂತದು ಮಂಜಣ್ಣಾ, ತಮಾಷೆನಾ?"

"ಹಾಕು ಹೇಳಿದಿ."

ಎರಡು ಬೆರಳು ಹೋದವು. ಮೂರನೆಯದು ಹೋಗಲಿಲ್ಲ. ಅವನು ಕೈ ಕೆಳಗಿಳಿಸಿ ನೆಲ ನೋಡುತ್ತಾ ನಿಂತ. ನಗಲಿಲ್ಲ, ಕಾರಣ ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

"ನಾಳೆ ಬೆಳಗ್ಗೆ ಶಿರಸಿ ಬಸ್ಸಿಗೆ ಹೋಪನ. ಡಾಕ್ಟರಮ್ಮ ಇನ್ನೂ ಅಲ್ಲೇ ಇದ್ದು" ಎಂದೆ.

"ನಾಳೆ ಬ್ಯಾಡ ಮಂಜಣ್ಣಾ, ನಾಡಿದ್ದು ಮದುವೆ ಅಡುಗೆ ಇದ್ದಲಾ. ಸೀಸನ್ ಮುಗೀಲಿ..."

"ಸಾರು ಸಪ್ಪೆ ಆದ್ರೆ ಆಗ್ಲಿ. ಬೈಸ್ಕಂಬದು ಆನು. ನಾಳೆನೇ."

ಅವನು ಬಾವಿಯ ಹಗ್ಗವನ್ನು ಕೈಗೆ ಸುತ್ತಿಕೊಂಡ. ನನ್ನ ಮುಖ ನೋಡದೆ, ಬಹಳ ಸಣ್ಣ ದನಿಯಲ್ಲಿ ಹೇಳಿದ.

"ಹೆದರಿಕೆ ಆಗ್ತು ಮಂಜಣ್ಣಾ."

ಈ ಒಂದು ಮಾತನ್ನು ಹೇಳಲು ಸುಬ್ರಾಯಣ್ಣನಿಗೆ ದವಡೆ ಹೋಗುವ ತನಕ ಆಗಿರಲಿಲ್ಲ. ಇವನು ತನ್ನ ಬಾಯಿಂದಲೇ ಹೇಳಿದ.

"ಯಂಗೂ ಆಗ್ತು. ಒಟ್ಟಿಗೇ ಹೋಪನ" ಎಂದೆ.